ಜಮೇದಾರನ ಇಳಿಜಾರು

ಕಡೂರಿನಿಂದ ಸಖರಾಯಪಟ್ಟಣದ ಕಡೆಗೆ ಹೋಗೋ ರಸ್ತೆಗೆ ಜಲ್ಲಿ ಹಾಕಿಸಿದ ಮೇಸ್ತ್ರಿ ಯಾರು? ನಾನು! ಅಮಲ್ದಾರರ ಸಾರೋಟು ಕುಲುಕಾಡದೆ ಓಡೋದು ಯಾರ ರಸ್ತೆ ಮೇಲೆ? ನನ್ನದರ ಮೇಲೆ! ಮೈಸೂರು ಸರ್ಕಾರಕ್ಕೇ ದಾರಿ ಮಾಡಿಕೊಟ್ಟವನಿಗೆ ಸ್ವಂತ ಮಗಳಿಗೊಂದು ದಾರಿ ಮಾಡಿಕೊಡೋದು ಯಾವ ಮಹಾ ಕೆಲಸ ಅಂತ ಒಂದು ಬೆಳಗ್ಗೆ ಮೀಸೆ ತಿರುವಿದೆ. ಅದೇ ಮೀಸೆಯಿಂದ ಬಚ್ಚಲ ಕೆಸರು ತೊಟ್ಟಿಕ್ಕಿದ್ದು ಆಮೇಲಿನ ಮಾತು.

ಮಗಳು ಈರಕ್ಕ. ವಯಸ್ಸು ಒಂಬತ್ತು, ಬಾಯಿಗೆ ತೊಂಬತ್ತು! ಕೂಸಾಗಿದ್ದಾಗ ಬಂದ ಕೆಟ್ಟ ಜ್ವರವೊಂದು ಎರಡೂ ಕಾಲಿನ ಶಕ್ತಿ ತಿಂದುಕೊಂಡು ಹೋಯಿತು. ಮನೆಯೊಳಗೆಲ್ಲ ಕೈಯೂರಿ ಸರಿದಾಡುತ್ತಾಳೆ. ಆದರೆ ಅಡುಗೆಮನೆಯಿಂದ ಹಿತ್ತಲಿಗೆ ಇಳಿಯೋಕೆ ಕಡಿದಾದ ಕಲ್ಲು ಮೆಟ್ಟಿಲು. ಅಲ್ಲಿ ನಾನೋ ನನ್ನ ಹೆಂಡತಿ ಅಂಬಮ್ಮನೋ ಎತ್ತಿಕೊಂಡೇ ಇಳಿಸಬೇಕು. ಆ ಬೆಳಗ್ಗೆ ಎತ್ತಿಕೊಳ್ಳಲು ಹೋದರೆ ನನ್ನ ಕೈ ಕೊಡವಿಬಿಟ್ಟಳು.

"ಬೇಡ. ನಾನೇನು ರಾಗಿ ಮೂಟೆನಾ?"

"ನಿನ್ನ ಸೇವಂತಿಗೆಗೆ ನೀರು ಹಾಕಲ್ವೇನೇ?"

"ಒಣಗ್ಲಿ. ನಾನೇ ಹೋಗೋ ಹಂಗಿದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ."

ಹಾಗಂದು ಗೋಡೆ ಕಡೆ ತಿರುಗಿದಳು.

"ಲೇ ಇವಳೇ," ಅಂದೆ ಅಂಬಮ್ಮನಿಗೆ, "ಈ ಹಿತ್ತಲನ್ನ ಅರಮನೆ ತೋಟ ಮಾಡ್ತೀನಿ. ನಮ್ಮ ಮಗಳು ರಾಣಿ ಹಂಗೆ ಇಳೀತಾಳೆ!"

"ಮೊದ್ಲು ಆ ಬಚ್ಚಲ ಗುಂಡಿ ಮುಚ್ಚಿ ಕಣ್ರೀ. ಹೋದ್ವರ್ಷಾನೇ ಮುಚ್ತೀನಿ ಅಂದಿದ್ರಿ."

ರಸ್ತೆ ಮೇಸ್ತ್ರಿ ಬಚ್ಚಲ ಗುಂಡಿಗೆ ಕೈ ಹಾಕೋದೇ? ಛೆ! ಪಾಪಾಸುಕಳ್ಳಿ ಕಡಿಸಿದೆ. ಸೇದೋ ಬಾವಿಗೆ ಸೊಂಟದೆತ್ತರ ಕಟ್ಟೆ ಕಟ್ಟಿಸಿದೆ. ಅಡುಗೆಮನೆ ಬಾಗಿಲಿನಿಂದ ಸೇವಂತಿಗೆ ಪಾತಿವರೆಗೆ ಮಣ್ಣು ಸುರಿಸಿ, ದಿಮ್ಮಸು ಹೊಡೆಸಿ ಗಟ್ಟಿಮಾಡಿ, ಅಗಲವಾದ ಇಳಿಜಾರು ಮಾಡಿಸಿದೆ. ಬಡಗಿ ಕೆಂಚಪ್ಪ ನಾಲ್ಕು ಗಾಲಿಯ ಪುಟ್ಟ ಗಾಡಿ ಮಾಡಿಕೊಟ್ಟ. ಈರಕ್ಕ ತಾನೇ ಹತ್ತಿ ತಾನೇ ಇಳಿಯುವಷ್ಟು ತಗ್ಗಾದ ಗಾಡಿ. ರಸ್ತೆ ಅಂದಮೇಲೆ ಪ್ರಾರಂಭೋತ್ಸವ ಬೇಡವೇ? ಪಟೇಲ ರೇವಣಪ್ಪನವರನ್ನೇ ಕರೆದೆ.

"ಕಟ್ಟಿಸಿದೋನೇ ಮೊದ್ಲು ಕೂರಬೇಕು. ಅದು ನಮ್ಮ ಇಲಾಖೆ ಧರ್ಮ!" ಅಂತ ಗಾಡಿಯಲ್ಲಿ ಕೂತೆ.

"ಹಿಡ್ಕೊಳೋಕೆ ಏನಿದೆ ರೀ ಅದಕ್ಕೆ?" ಅಂದಳು ಅಂಬಮ್ಮ.

"ಧೈರ್ಯ!" ಅಂದೆ.

ಗಾಡಿ ಹೊರಟಿತು. ಧೈರ್ಯ ಅರ್ಧ ದಾರಿಯಲ್ಲೇ ಇಳಿದುಕೊಂಡಿತು, ನಾನು ಇಳಿಯಲಾಗಲಿಲ್ಲ! ಸೇವಂತಿಗೆ ಪಾತಿಯ ಪಕ್ಕದಲ್ಲೇ ಸರ್ರನೆ ಹಾದು, ಹೋದ ವರ್ಷ ಮುಚ್ಚಬೇಕಿದ್ದ ಗುಂಡಿಗೆ ತಲೆ ಮುಂದಾಗಿ ಬಿದ್ದೆ. ಪಟೇಲರು ಶಲ್ಯದಿಂದ ಬಾಯಿ ಮುಚ್ಚಿಕೊಂಡರು. ಅಂಥಾ ನಗು ಶಲ್ಯಕ್ಕೆ ನಿಲ್ಲುತ್ತದೆಯೇ? ಕೆಂಚಪ್ಪ ಎಳೆದು ಮೇಲೆ ತರುವಷ್ಟರಲ್ಲಿ ನನ್ನ ಕಾಲು ಉಳುಕಿ ಊದಿಕೊಂಡಿತ್ತು. ಮೊದಲು ಆ ಗುಂಡಿಗೆ ಚಪ್ಪಡಿ ಎಳೆಸಿದೆ.

"ಹಗ್ಗ ಒಂದು ಮರ್ತಿದ್ದೆ, ಅಷ್ಟೇ!" ಅಂದು, ಬಾಗಿಲ ಕಂಬಕ್ಕೆ ಬಾವಿ ರಾಟೆ ಬಿಗಿಸಿ, ಗಾಡಿಗೆ ಕಟ್ಟಿದ ಹಗ್ಗವನ್ನು ಅದರ ಮೇಲೆ ಹಾಯಿಸಿದೆ. "ಈ ತುದಿ ನಾನು ಹಿಡ್ಕೊಂಡು ಮೆಲ್ಲಗೆ ಬಿಡ್ತೀನಿ."

ಈರಕ್ಕ ನನ್ನನ್ನೇ ನೋಡಿದಳು. "ಯಾರೋ ಹಿಡ್ಕೊಂಡು ಬಿಡೋದಾದ್ರೆ ಎತ್ಕೊಂಡಂಗೇ ಅಲ್ವೇನಪ್ಪಾ?"

ಇಷ್ಟೆಲ್ಲ ಮಣ್ಣು ಹೊರಿಸಿದ್ದು ನೀರಲ್ಲಿ ಹೋಮ ಆಯಿತಲ್ಲ ಅಂತ ಸಂಕಟವಾಯಿತು.

ಆಗಲೇ ಹುಣಸೆಮರದ ಕಡೆಯಿಂದ 'ಭುಸ್' ಅಂತ ಶಬ್ದ. ಜಮೇದಾರ! ಯಾವ ಪೊಲೀಸಿನೋನೂ ಅಲ್ಲ, ನಮ್ಮ ಮುದಿ ಎತ್ತು. ಗತ್ತು ನೋಡಿ ಇಟ್ಟ ಹೆಸರು. ತೋಟದ ಕಪಿಲೆ ಬಾವಿಯಲ್ಲಿ ನೀರೆತ್ತಿಯೇ ಆಯಸ್ಸು ಸವೆಸಿದವನು. ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ಇಳಿದರೆ ತೊಗಲ ಚೀಲ ನೀರು ತುಂಬಿ ಮೇಲೆ ಬರಬೇಕು. ಹಿಂದ್ಹಿಂದಕ್ಕೆ ಹತ್ತಿದರೆ ಚೀಲ ಬಾವಿಗೆ ಇಳಿಯಬೇಕು. ಬಾವಿ ಬತ್ತಿದ ಮೇಲೆ ಅವನಿಗೆ ಪಿಂಚಣಿ ಕೊಟ್ಟು ಹಿತ್ತಲಲ್ಲಿ ಕಟ್ಟಿದ್ದೆ. ಈಗ ಎದುರಿಗೇ ಇಳಿಜಾರು, ರಾಟೆ, ಹಗ್ಗ! ಕಣ್ಣಿ ಕಿತ್ತುಕೊಂಡು ನೌಕರಿಗೆ ಹಾಜರಾಗಿಬಿಟ್ಟ!

ಬಂದವನೇ ಇಳಿಜಾರಿಗೆ ಬೆನ್ನು ತಿರುಗಿಸಿ ನಿಂತು, ಹಿಂದ್ಹಿಂದಕ್ಕೆ ಹೆಜ್ಜೆಯಿಟ್ಟು ಹತ್ತತೊಡಗಿದ. ಬಾಗಿಲ ಹತ್ತಿರ ನಿಲ್ಲುತ್ತಾನೆ ಅಂದುಕೊಂಡೆ. ಊಹೂಂ! ಬಾಲ ಅಡುಗೆಮನೆ ಹೊಕ್ಕಿತು, ಹಿಂದೆಯೇ ಹಿಂಗಾಲೂ ಹೊಕ್ಕವು. ಢಬ್!

"ರೀ! ಸಾರಿನ ಗಡಿಗೆ! ಅಯ್ಯೋ, ಮುದ್ದೆ ಮೇಲೆ ಕಾಲಿಟ್ಟ ಕಣ್ರೀ!"

ನಾನು 'ಹೋ' ಅಂದೆ, 'ಹೈ' ಅಂದೆ, ಇಲಾಖೆಯ ಇಂಗ್ಲಿಷಿನಲ್ಲಿ 'ಸ್ಟಾಪ್' ಅಂತಲೂ ಅಂದೆ. ಜಮೇದಾರ ಕಿವಿ ಕೂಡ ಆಡಿಸಲಿಲ್ಲ. ಆಗ ಈರಕ್ಕ ರಾಗ ಎತ್ತಿದಳು:

"ನಿಲ್ಲು ನಿಲ್ಲೆಲೊ ರಾಜಾ... ಇಳಿದು ಹೋಗೆಲೊ ರಾಜಾ..."

ಎತ್ತು ನಿಂತಿತು! ಮೆಲ್ಲಗೆ ಮುಂದೆ ಹೊರಟು, ಕೆಳಗಿಳಿದು, ಮುಂದಿನ ಅಪ್ಪಣೆಗೆ ಕಾಯುವಂತೆ ನಿಂತುಕೊಂಡಿತು. ನಾವೆಲ್ಲ ಬೆಪ್ಪಾದೆವು. ಬಾವಿಯಲ್ಲಿ ನೀರಿದ್ದ ಕಾಲದಲ್ಲಿ ನಾವಿಬ್ಬರೂ ತೋಟದ ಕೆಲಸಕ್ಕೆ ಹೋದಾಗ ಅವಳನ್ನು ಕಪಿಲೆ ಹೊಡೆಯೋ ಹೊನ್ನಯ್ಯನ ಪಕ್ಕ ಕೂರಿಸಿ ಹೋಗುತ್ತಿದ್ದೆವು. ಎತ್ತಿಗೆ ಅಪ್ಪಣೆ ಕೊಡೋ ಅವನ ಹಾಡೆಲ್ಲ ಕೂಸಿನ ಕಿವಿಗೆ ಇಳಿದಿತ್ತು.

"ಅಪ್ಪಾ, ಹಗ್ಗದ ಆ ತುದೀನ ಜಮೇದಾರಂಗೆ ಕಟ್ಟು. ಅವ್ನು ಹತ್ತಿದ್ರೆ ನಾನು ಇಳೀತೀನಿ, ಅವ್ನು ಇಳಿದ್ರೆ ನಾನು ಹತ್ತುತೀನಿ."

"ಎತ್ತಿನ ಕೈಗೆ ಮಗೂನ ಕೊಡೋದೇ!" ಅಂದೆ.

"ನಿಮ್ಮ ಕೈಗಿಂತ ವಾಸಿ ಕಣ್ರೀ," ಅಂದಳು ಅಂಬಮ್ಮ, ಸೆರಗಿನಿಂದ ಸಾರು ಒರೆಸಿಕೊಳ್ಳುತ್ತಾ.

ಮೊದಲು ನಿಜವಾದ ರಾಗಿ ಮೂಟೆಯನ್ನೇ ಗಾಡಿಯಲ್ಲಿಟ್ಟು ಇಳಿಸಿ, ಹತ್ತಿಸಿ ನೋಡಿದೆವು. ಒಂದು ಕಾಳೂ ಅಲುಗಲಿಲ್ಲ. ಆಮೇಲೆ ಈರಕ್ಕ ಹತ್ತಿ ಕೂತಳು.

"ಹಿಂದಕ್ ಬಾರೆಲೊ ರಾಜಾ... ಹೆಜ್ಜೆ ನೋಡೆಲೊ ರಾಜಾ..."

ಆ ಕಡೆ ಜಮೇದಾರ ಹತ್ತಿದ, ಈ ಕಡೆ ನನ್ನ ಮಗಳು ಇಳಿದಳು. ಯಾರೂ ಎತ್ತಲಿಲ್ಲ, ಯಾರೂ ಹಿಡಿಯಲಿಲ್ಲ. ಕೆಳಗೆ ಗಾಡಿಯಿಂದ ಸರಿದು, ಕೈಯೂರಿ ಪಾತಿಯವರೆಗೆ ಹೋಗಿ, ಚೊಂಬಿನಿಂದ ಸೇವಂತಿಗೆಗೆ ನೀರು ಸುರಿದು ಕೂಗಿದಳು: "ಅವ್ವಾ! ನಾನೇ ಬಂದೆ!"

ಅಂಬಮ್ಮ ಅತ್ತಳು. ನನ್ನ ಕಣ್ಣಿಗೆ ಬಚ್ಚಲ ನೀರು ಹೋಗಿತ್ತು ಅನ್ನಬಹುದಿತ್ತು. ಸುಳ್ಳು ಯಾಕೆ, ನಾನೂ ಅತ್ತೆ. ಪಟೇಲರು ಈ ಸಲ ಶಲ್ಯವನ್ನು ಕಣ್ಣಿಗೆ ಒತ್ತಿಕೊಂಡರು.

ಮಗಳ ಪಕ್ಕ ಹೋಗಿ ಕೂರಬೇಕು ಅನ್ನಿಸಿತು. ಕಾಲು ಕೇಳಬೇಕಲ್ಲ! ಈರಕ್ಕ ಕೆಳಗಿನಿಂದಲೇ ಹಾಡಿ ಎತ್ತನ್ನು ಇಳಿಸಿದಳು, ಖಾಲಿ ಗಾಡಿ ಮೇಲೆ ಬಂತು. ಕಣ್ಣು ಮುಚ್ಚಿ ಕೂತೆ. ಜಮೇದಾರ ಹತ್ತತೊಡಗಿದ, ನಾನು ಇಳಿಯತೊಡಗಿದೆ. ಸರಿಯಾಗಿ ನಡುದಾರಿಗೆ ಬಂದಾಗ:

"ನಿಲ್ಲು ನಿಲ್ಲೆಲೊ ರಾಜಾ!"

ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ! ಸರ್ಕಾರಿ ಮೇಸ್ತ್ರಿ ಊರ ಪಟೇಲರೆದುರು ತ್ರಿಶಂಕು!

"ಅಪ್ಪಾ, ಇನ್ಮೇಲೆ ಕೇಳ್ದೆ ನನ್ನ ಎತ್ಕೊಳಲ್ಲ ಅಂತ ಹೇಳು."

"ಲೇ ಈರಕ್ಕ, ಮೊದ್ಲು ಇಳಿಸೇ!"

"ಹೇಳು."

"ಹೇಳ್ಬಿಡಪ್ಪಾ ಮೇಸ್ತ್ರಿ," ಅಂದರು ಪಟೇಲರು, "ನಾನು ಊಟಕ್ಕೆ ಹೋಗ್ಬೇಕು."

"ಎತ್ಕೊಳಲ್ಲ ತಾಯೀ! ಕೇಳ್ದೆ ಎತ್ಕೊಳಲ್ಲ!"

ಗಾಡಿ ಕೆಳಗೆ ತಲುಪಿತು. ಗತ್ತಿನಿಂದ ಎದ್ದು ನಿಲ್ಲಲು ಹೋದೆ. ಉಳುಕಿದ ಕಾಲು ಮಡಚಿಕೊಂಡಿತು, ಪಾತಿಯ ಪಕ್ಕ ಧೊಪ್ಪನೆ ಕೂತುಬಿಟ್ಟೆ. ಈರಕ್ಕ ಚೊಂಬು ಕೆಳಗಿಟ್ಟು, ಬಲು ಮರ್ಯಾದೆಯಿಂದ ನನ್ನ ಮುಖ ನೋಡಿದಳು.

"ಅಪ್ಪಾ, ಕೆಂಚಪ್ಪಮಾವಂಗೆ ಹೇಳಿ ಎತ್ತಿಸ್ಲಾ? ಕೇಳ್ತಾ ಇದೀನಿ, ನೋಡು!"