ಮನೆತನದ ಗಂಡಸರಿಗೆಲ್ಲ ಒಬ್ಬಳೇ ಹೆಂಡತಿ

ಸುವರ್ಣಾ, ಶಿವು, ನಿಮ್ಮ ಆಯಿ ಜೀವನದಲ್ಲಿ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಸುಮ್ಮನೆ ಹೌದು ಅಂದದ್ದರಿಂದ ಆದವು. ಇಲ್ಲ ಅನ್ನುವುದಕ್ಕೆ ಗಂಟಲು ಬೇಕು, ಎದುರಿನವರ ಮುಖ ನೋಡುವ ಧೈರ್ಯ ಬೇಕು. ಹೌದು ಅನ್ನುವುದಕ್ಕೆ ತಲೆ ಅಲ್ಲಾಡಿಸಿದರೆ ಸಾಕು, ಸೆರಗಿನೊಳಗಿಂದಲೇ ಆಗುತ್ತದೆ. ನಾನು ನಿಂಬರ್ಗಾದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಮಾಸ್ತರರು "ತಿಳೀತೇನು?" ಎಂದು ಕೇಳಿದರೆ ತಿಳಿಯದಿದ್ದರೂ ಹೌದ್ರಿ ಅನ್ನುತ್ತಿದ್ದೆ. ಮದುವೆಯಾಗಿ ಆಳಂದಕ್ಕೆ ಬಂದ ಮೇಲೆ ಉಪ್ಪು ಹೆಚ್ಚಾಗಿದೆಯೇ ಎಂದರೂ ಹೌದ್ರಿ, ಕಡಿಮೆಯಾಗಿದೆಯೇ ಎಂದರೂ ಹೌದ್ರಿ. ಇದರಿಂದ ಯಾರಿಗೂ ದೊಡ್ಡ ನಷ್ಟವಾಗಿರಲಿಲ್ಲ. ಆದರೆ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಅದಕ್ಕೂ ಹೌದು ಅಂದೆ. ಆಗ ಏನಾಯಿತು ಎಂಬುದನ್ನು ನೀವು ಚಿಕ್ಕವರಾಗಿದ್ದರಿಂದ ಮರೆತಿರಬಹುದು. ನಾನು ಮರೆತಿಲ್ಲ, ನಿಮ್ಮ ದೊಡ್ಡಜ್ಜ ಮರೆಯಲು ಬಿಟ್ಟೂ ಇಲ್ಲ.

ನನ್ನ ಮಗ, ಅಂದರೆ ನಿಮ್ಮಪ್ಪ ಚನ್ನಬಸಪ್ಪ, ಬಜಾರಿನಲ್ಲಿ ಲಗ್ನಪತ್ರಿಕೆಗೆ ಅಕ್ಷರ ಜೋಡಿಸುವ ಅಂಗಡಿ ಇಟ್ಟಿದ್ದನಷ್ಟೆ. ಅಲ್ಲಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಮನೆಗೆ ತಂದ. ಅದಕ್ಕೆ ನಾನು ಹಳೆಯ ಇಳಕಲ್ ಸೀರೆಯ ಸೆರಗಿನಿಂದ, ಕೂಸಿನ ತಲೆಗೆ ಹೊಲಿಯುವ ಹಾಗೆ, ಕುಲಾವಿ ಹೊಲಿದೆ. ಆಗ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಅದರ ಮುಂದೆ ಕೂಡುವ ಪದ್ಧತಿ ಇತ್ತು. ಅದರೊಳಗೆ ವಂಶವೃಕ್ಷ ಕಟ್ಟುವ ಸಾಫ್ಟ್‌ವೇರ್ ಒಂದನ್ನು ಅವನು ಯಾರಿಂದಲೋ ಫ್ಲಾಪಿಯಲ್ಲಿ ತಂದು ಹಾಕಿದ. ಹೆಸರು ಕೊಡುತ್ತ ಹೋದರೆ ಅದೇ ಗೆರೆ ಎಳೆದು ಅಜ್ಜ ಮುತ್ತಜ್ಜರನ್ನೆಲ್ಲ ಪೆಟ್ಟಿಗೆಗಳಲ್ಲಿ ಕೂಡಿಸುತ್ತಿತ್ತು. ಸುದ್ದಿ ಕೇಳಿ ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವ, ಅಂದೇ ಬಂದು ಪಡಸಾಲೆಯಲ್ಲಿ ಕೂತರು.

"ಬರಕೋಪಾ ಚನ್ನ್ಯಾ, ಏಳು ತಲೆಮಾರಿಂದು ಹೇಳ್ತೇನಿ. ಕಟ್ಟು ಹಾಕಿಸಿ ಗ್ವಾಡೀಗಿ ಹಾಕೋಣು."

ಹೇಳಿದರು ನೋಡಿ, ಉಸಿರು ಬಿಡದೆ, ಅಪ್ಪನಿಂದ ಮೇಲಕ್ಕೆ ಏಳು ಗಂಡಸರು, ಅವರ ಅಣ್ಣತಮ್ಮಂದಿರು, ದತ್ತಕ ಹೋದವರು, ಯಾರ ಹೊಲ ಯಾವ ದಿಕ್ಕಿಗೆ ಎಂಬುದರ ಸಮೇತ. ನಿಮ್ಮಪ್ಪ ಟಕಟಕ ಹೊಡೆದುಕೊಂಡ. ಆಮೇಲೆ ತೆರೆಯ ಮೇಲೆ ಪ್ರತಿ ಗಂಡಸಿನ ಪಕ್ಕದಲ್ಲೂ ಒಂದು ಖಾಲಿ ಪೆಟ್ಟಿಗೆ ಮೂಡಿತು.

"ದೊಡ್ಡಪ್ಪಾ, ಇವರ ಹೆಂಡಂದಿರ ಹೆಸರ ಕೇಳ್ತದರಿ."

"ಅದನ್ಯಾಕ ಕೇಳ್ತದ?"

"ಮಕ್ಕಳು ಅವರಿಗೇ ಹುಟ್ಟ್ಯಾವಲ್ರಿ."

ಭಾವನವರು ತುಸು ಯೋಚಿಸಿದರು. "ನಿಮ್ಮವ್ವಗ ಕೇಳು, ಇಂಥಾವೆಲ್ಲಾ ಹೆಣ್ಮಕ್ಕಳಿಗಿ ಗೊತ್ತಿರ್ತಾವ" ಎಂದು ಚಹಾ ಕುಡಿದು ಎದ್ದುಹೋದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹೌದ್ರಿ ಅಂದೆ.

ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದೇ ಇದೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಅಂದಿನಿಂದ ಹಳೆಯ ಹೆಸರು ಮುಗಿಯಿತು. ಅಕ್ಕಿಯಾದರೂ ಮರುದಿನ ಅನ್ನವಾಗುತ್ತದೆ, ಹೆಸರು ಏನಾಗುತ್ತದೋ ಕಾಣೆ. ನನಗೆ ಬರೆಯಲು ಬರುತ್ತಿದ್ದುದರಿಂದ, ಅಕ್ಷರವೂ ದುಂಡಗಿದ್ದುದರಿಂದ, ನಮ್ಮ ಬಳಗದ ಮದುವೆಗಳಲ್ಲಿ ಉಂಗುರವನ್ನು ನನ್ನ ಕೈಗೇ ಕೊಡುತ್ತಿದ್ದರು. ನನ್ನ ನಾಚಿಕೆಯ ಜೀವನದಲ್ಲಿ ನಾಲ್ಕು ಜನರ ನಡುವೆ ಕೂಡುತ್ತಿದ್ದುದು ಅಷ್ಟು ಹೊತ್ತು ಮಾತ್ರ, ಅದರ ಜಂಬವೂ ಇತ್ತು.

ಸಾಫ್ಟ್‌ವೇರಿಗೆ ಹೆಂಗಸಿನ ಹುಟ್ಟಿದ ಮನೆಯ ಹೆಸರೇ ಬೇಕಂತೆ. ಗಂಡನ ಮನೆಯದನ್ನೇ ಬರೆದು ಮುಗಿಸೋಣ ಎಂದು ನಿಮ್ಮಪ್ಪ ಹೇಳಿದ. ಎಂದೂ ಇಲ್ಲ ಅನ್ನದ ನಾನು ಅಂದು ಬೇಡ ಅಂದೆ. ಕಾರಣವಿತ್ತು. ನನ್ನ ಅವ್ವ ನಾನು ಮೂರು ವರ್ಷದವಳಿದ್ದಾಗಲೇ ಹೋದಳು. ಮುಖ ನೆನಪಿಲ್ಲ, ಫೋಟೋ ಇಲ್ಲ. ನಿಂಬರ್ಗಾದಲ್ಲಿ ಅವಳನ್ನು ಪಾರ್ವತಿ ಅನ್ನುತ್ತಿದ್ದರು, ಅದು ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಮದುವೆಯಲ್ಲಿ ಇಟ್ಟ ಹೆಸರು. ಅವಳ ಸ್ವಂತ ಹೆಸರು ಏನಿತ್ತೋ. ಅಷ್ಟು ವರ್ಷ ಅದು ನನ್ನನ್ನು ಕಾಡಿರಲಿಲ್ಲ ಎಂದರೆ ಸುಳ್ಳಾದೀತು, ಆದರೆ ಯಾರನ್ನಾದರೂ ಕೇಳಬಹುದು ಎಂದೂ ಹೊಳೆದಿರಲಿಲ್ಲ. ಈಗ ಒಂದು ಯಂತ್ರ ತಾನಾಗಿಯೇ ಕೇಳುತ್ತಿತ್ತು. "ನಿಂಬರ್ಗಾದ ನಮ್ಮಪ್ಪನ ಮನೀನೂ ಇದರಾಗ ಸೇರಸಪಾ. ನಮ್ಮವ್ವನ ಹೆಸರ ನಾ ಹುಡುಕಿ ತರ್ತೇನಿ" ಎಂದೆ.

ತರಬೇಕಾದರೆ ಜೇವರ್ಗಿಗೆ ಹೋಗಬೇಕು. ಅವ್ವನ ತಂಗಿ, ನನ್ನ ಚಿಗವ್ವ, ಅಲ್ಲಿ ಮಗನ ಮನೆಯಲ್ಲಿದ್ದಳು. ಅವ್ವನನ್ನು ತವರಿನಲ್ಲಿ ಕಂಡವರಲ್ಲಿ ಉಳಿದದ್ದು ಆಕೆಯೊಬ್ಬಳೇ. ಒಬ್ಬಳೇ ಬಸ್ ಹತ್ತುವ ಎದೆಗಾರಿಕೆ ನನಗಿಲ್ಲದ್ದರಿಂದ ನಿಮ್ಮ ಅವ್ವನನ್ನು ಜೊತೆಗೆ ಕರೆದುಕೊಂಡೆ. ಗುಲಬರ್ಗಾದಲ್ಲಿ ಬಸ್ ಬದಲಿಸಿ ನಾವು ತಲುಪಿದಾಗ ಚಿಗವ್ವ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದಳು. ನಾನು ನೋಟುಬುಕ್ಕು ಬಿಚ್ಚಿ, ಪೆನ್ನಿನ ಟೋಪಿ ತೆಗೆದು ಕೇಳಿದೆ.

"ಚಿಗವ್ವಾ, ನಮ್ಮವ್ವನ ಹೆಸರ ಏನಿತ್ತ?"

"ಪಾರ್ವತಿ ಅಲ್ಲೇನ ಬೇ? ಮರತೇನು?"

"ಅದು ನಿಂಬರ್ಗಾದಾಗ ಇಟ್ಟಿದ್ದು. ಅದಕ್ಕೂ ಮೊದಲಿಂದು, ನಿಮ್ಮ ಮನ್ಯಾಗ."

"ಅಕ್ಕ."

"ನೀ ಅಕ್ಕ ಅಂತಿದ್ದಿ, ಖರೆ. ನಿಮ್ಮವ್ವ ಏನಂತಿದ್ದಳು?"

"ದೊಡ್ಡಾಕಿ. ನನಗ ಸಣ್ಣಾಕಿ. ಇಬ್ಬರೇ ಇದ್ದೆವಲ್ಲ, ಅಷ್ಟರಾಗ ನಡೀತಿತ್ತ."

"ನಿಮ್ಮಪ್ಪ?"

"ಅಪ್ಪ ಹೆಣ್ಮಕ್ಕಳಿಗಿ ಎಲ್ಲಿ ಕರೀತಿದ್ದ? ಕೆಮ್ಮತಿದ್ದ. ಒಂದ ಸಲ ಕೆಮ್ಮಿದ್ರ ನೀರ, ಎರಡ ಸಲ ಕೆಮ್ಮಿದ್ರ ಊಟ."

ನಾನು ಪೆನ್ನು ಕೆಳಗಿಡಲಿಲ್ಲ. ಚಿಗವ್ವ ಬೇಳೆ ಆರಿಸುವುದನ್ನು ನಿಲ್ಲಿಸಿ, "ತಡೀ, ನೆಪ್ಪಾಗ್ತದ" ಎಂದು ಕಣ್ಣು ಮುಚ್ಚಿದಳು. ನಾನು ಪೆನ್ನಿನ ಮೊನೆಯನ್ನು ಹಾಳೆಗೆ ಊರಿದೆ. ಆಮೇಲೆ ಕಣ್ಣು ತೆರೆದು, "ಮೊದಲನೇ ಬಿಸಿ ರೊಟ್ಟಿ ನನಗಽ ಕೊಡ್ತಿದ್ಳು ನೋಡು. ಅವ್ವ ಬೈದರೂ ಕೊಡ್ತಿದ್ಳು. ನನಗ ಏಳು ವರ್ಷಿತ್ತು, ಆಕೀಗಿ ಲಗ್ನ ಮಾಡಿ ಕಳಿಸಿಬಿಟ್ಟರು" ಎಂದಳು. ಅವ್ವನಿಗೆ ಎಡಗೈಯಲ್ಲಿ ರೊಟ್ಟಿ ಬಡಿಯುವ ರೂಢಿ ಇತ್ತು, ಇರುವೆಗೆ ಹೆದರುತ್ತಿದ್ದಳು, ನಕ್ಕರೆ ಬಿಕ್ಕಳಿಕೆ ಬರುತ್ತಿತ್ತು. ಇಷ್ಟೆಲ್ಲ ಸಿಕ್ಕಿತು. ಹೆಸರೊಂದು ಸಿಗಲಿಲ್ಲ. "ನೆಪ್ಪಾದ್ರ ಚೀಟಿ ಬರೆಸಿ ಕಳಸ್ತೇನಿ, ಹೋಗು" ಎಂದಳು. ಆ ಚೀಟಿ ಬರಲಿಲ್ಲ. ಆ ವರ್ಷವೇ ಚಿಗವ್ವನೂ ಹೋದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಎಂಥಾ ಮಂದಿ ನೋಡವಾ, ಹೆಣ್ಣಿನ ಒಂದು ಹೆಸರ ಉಳಸ್ಲಿಕ್ಕಿ ಆಗಲಿಲ್ಲ ಇವರಿಗೆ" ಎಂದು ಗುಲಬರ್ಗಾ ಬರುವವರೆಗೂ ನಿಮ್ಮ ಅವ್ವನ ಮುಂದೆ ಗೋಳಾಡಿದೆ. ಆಕೆ ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತ, ಕಿಟಕಿಯಾಚೆ ನೋಡುತ್ತಿದ್ದಳು. ಎಷ್ಟು ತಿಳಿವಳಿಕೆಯ ಸೊಸೆ, ನನ್ನ ದುಃಖಕ್ಕೆ ಮರುಗುತ್ತಿದ್ದಾಳೆ ಎಂದುಕೊಂಡೆ.

ಇನ್ನು ಹೆಸರು ತುಂಬುವ ಕೆಲಸ. ಅಂಗಡಿಯಲ್ಲಿ ಲಗ್ನದ ಸುಗ್ಗಿ ಇದ್ದುದರಿಂದ ನಿಮ್ಮಪ್ಪ ಅದನ್ನು ನನಗೆ ಒಪ್ಪಿಸಿದ. ಅದರಲ್ಲಿ ಕನ್ನಡ ಬರುತ್ತಿರಲಿಲ್ಲ. ಶಿವು ಒಂದನೆಯ ಇಯತ್ತೆಯಲ್ಲಿದ್ದ. ಅವನ ಪುಸ್ತಕ ನೋಡಿ ನಾನೂ ಎಬಿಸಿಡಿ ಕಲಿತೆ. ದಿನಾ ಮಧ್ಯಾಹ್ನ ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ, ಕೊಯ್ದ ಹೊಲದಲ್ಲಿ ಕೂಳೆ ಆರಿಸಿದ ಹಾಗೆ. ನಿಮ್ಮ ಅಜ್ಜನ ಹೆಸರು ಬಂದಾಗ ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡೆ. ಅವರು ಇದ್ದಾಗಲೂ ಹೋದ ಮೇಲೂ ಆ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ. ಶಾಂತಪ್ಪ ಎಂದು ಒತ್ತಿ ಮುಗಿಸುವಷ್ಟರಲ್ಲಿ ಬೆರಳು ಬೆವರಿತ್ತು.

ಹೆಸರು ಗೊತ್ತಿಲ್ಲದ ಹೆಂಗಸರಿಗೆ ಏನು ಹಾಕಲಿ ಎಂದು ಕೇಳಿದಾಗ ನಿಮ್ಮಪ್ಪ ಒಂದು ಚೀಟಿಯಲ್ಲಿ ಏಳು ಅಕ್ಷರ ಬರೆದುಕೊಟ್ಟ. ಅನ್‌ನೋನ್. ಗೊತ್ತಿಲ್ಲ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ನಾನು ಕಲಿತ ಮೊದಲ ಶಬ್ದ ಅದೇ, ಈಗಲೂ ಚೀಟಿ ನೋಡದೆ ಬರೆಯಬಲ್ಲೆ. ಮುತ್ತತ್ತೆ ಅನ್‌ನೋನ್, ಅಜ್ಜಿ ಅತ್ತೆ ಅನ್‌ನೋನ್, ಸಣ್ಣತ್ತೆ ಅನ್‌ನೋನ್, ನನ್ನನ್ನು ಇಪ್ಪತ್ತು ವರ್ಷ ಆಳಿದ ನನ್ನ ಸ್ವಂತ ಅತ್ತೆಯೂ ಅನ್‌ನೋನ್. ಹೀಗೆ ಹನ್ನೊಂದು ಮಂದಿ. ಕೊನೆಗೆ ಉಳಿದದ್ದು ಅವ್ವನ ಪೆಟ್ಟಿಗೆ. ಜೇವರ್ಗಿಯಿಂದ ಚೀಟಿ ಬಂದೀತು ಎಂದು ಎಷ್ಟೋ ದಿನ ಅದನ್ನು ಖಾಲಿ ಬಿಟ್ಟಿದ್ದೆ. ಚಿಗವ್ವ ಹೋದ ಸುದ್ದಿ ಬಂದ ಮೇಲೆ ಒಂದು ಮಧ್ಯಾಹ್ನ ಕೂತು, ಆ ಏಳು ಅಕ್ಷರಗಳನ್ನು ಅಲ್ಲಿಯೂ ಒತ್ತಿದೆ. ಒತ್ತುತ್ತ ಅತ್ತುಬಿಟ್ಟೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಎಲ್ಲ ಮುಗಿದ ಮೇಲೆ ತಪ್ಪು ತಪಾಸು ಮಾಡುವ ಒಂದು ಗುಂಡಿ ಒತ್ತಬೇಕು ಎಂದು ನಿಮ್ಮಪ್ಪ ಹೇಳಿದ್ದ. "ಅದು ಏನರ ಕೇಳಿದ್ರ ಹೌದು ಅನ್ನವಾ, ಇಲ್ಲಂದ್ರ ಮುಂದ ಹೋಗಂಗಿಲ್ಲ" ಎಂದಿದ್ದ. ಇಂಥ ಕೆಲಸಕ್ಕೆ ನನಗಿಂತ ತಕ್ಕವರು ಯಾರು? ಒತ್ತಿದೆ. ಒಂದು ಪ್ರಶ್ನೆ ಮೂಡಿತು. ಉಳಿದ ಇಂಗ್ಲಿಷ್ ತಿಳಿಯಲಿಲ್ಲ, ಆದರೆ ಅನ್‌ನೋನ್ ಎಂಬುದು ಅದರಲ್ಲಿ ಎರಡು ಸಲ ಕಂಡಿತು. ಸಂತೆಯಲ್ಲಿ ಗುರುತಿನವರು ಸಿಕ್ಕಂತೆ ಸಂತೋಷವಾಯಿತು. ಹೌದು ಎಂದು ಒತ್ತಿದೆ. ಮತ್ತೆ ಕೇಳಿತು, ಮತ್ತೆ ಹೌದು. ಹನ್ನೊಂದು ಸಲ ಕೇಳಿತು. ಹನ್ನೊಂದು ಸಲವೂ ಮರ್ಯಾದೆಯಿಂದ ಹೌದು ಅಂದು, ಕಂಪ್ಯೂಟರಿಗೆ ಕುಲಾವಿ ತೊಡಿಸಿ, ರೊಟ್ಟಿ ಬಡಿಯಲು ಹೋದೆ.

ಐತವಾರ ಭಾವನವರು ಚಿತ್ರ ಒಯ್ಯಲು ಬಂದರು. ನಿಮ್ಮಪ್ಪ ಪ್ರಿಂಟರ್ ಹಚ್ಚಿದ. ಅದು ಕಿರ್ರ್ ಕಿರ್ರ್ ಎಂದು ಉದ್ದನೆಯ ಕಾಗದವನ್ನು ಕಕ್ಕತೊಡಗಿತು. ಭಾವನವರು ಚಸ್ಮಾ ಏರಿಸಿ, ಒಂದು ಗೆರೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಹೋದರು.

"ಚನ್ನ್ಯಾ, ಇದೇನಪಾ? ನಮ್ಮ ಮನೆತನದಾಗ ಎಲ್ಲಾ ಗಂಡಸರಿಗೂ ಒಬ್ಬಾಕೇ ಹೆಂಡ್ತಿ ಏನು?"

ಯಂತ್ರ ಹನ್ನೊಂದು ಸಲ ಕೇಳಿದ್ದು, ಈ ಅನ್‌ನೋನ್ ಮತ್ತು ಆ ಅನ್‌ನೋನ್ ಒಬ್ಬಳೇ ಹೆಂಗಸೇ ಎಂದು. ನಾನು ಹೌದ್ರಿ ಅಂದಿದ್ದೆ. ಏಳು ತಲೆಮಾರಿನ ಗಂಡಸರಿಗೆಲ್ಲ ಒಬ್ಬಳೇ ಹೆಂಡತಿ. ತನ್ನ ಮೊಮ್ಮಗನನ್ನೂ ಅವನ ಮೊಮ್ಮಗನನ್ನೂ ಮದುವೆಯಾಗಿ, ಎಲ್ಲರನ್ನೂ ತಾನೇ ಹೆತ್ತಿದ್ದಳು. ನಿಂಬರ್ಗಾದ ನನ್ನ ಅಪ್ಪನೂ ಅವಳ ಗಂಡಂದಿರಲ್ಲಿ ಒಬ್ಬ. ಹೀಗಾಗಿ ನನ್ನ ಅವ್ವ, ನನ್ನ ಅತ್ತೆ ಒಬ್ಬಳೇ ಆಗಿ, ನಾನು ಇಷ್ಟು ವರ್ಷ ಒಡಹುಟ್ಟಿದ ಅಣ್ಣನ ಜೊತೆ ಸಂಸಾರ ಮಾಡಿದ ಲೆಕ್ಕವಾಯಿತು. ಎದುರಿಗೆ ಕೂತಿದ್ದ ಭಾವನವರೂ ನನಗೆ ಅಣ್ಣನಾದರು.

"ಯಾರ ಮಾಡಿದ್ದಿದು?" ಎಂದು ಅವರು ಗುಡುಗಿದರು.

ಬಾಗಿಲ ಮರೆಯಿಂದ ನಾನು ಕೆಮ್ಮಿದೆ.

"ಬಿಡಿಸಪಾ ಇದನ್ನ" ಎಂದು ನಿಮ್ಮಪ್ಪನಿಗೆ ಹೇಳಿದರು. ಸೇರಿಸಿದ್ದನ್ನು ಬಿಡಿಸುವ ಗುಂಡಿ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಇನ್ನೊಂದು ಪ್ರತಿಯನ್ನು ಫ್ಲಾಪಿಯಲ್ಲಿ ತೆಗೆದಿಟ್ಟಿರಲೂ ಇಲ್ಲ. ಭಾವನವರು ಕಾಗದ ಅಲ್ಲೇ ಬಿಟ್ಟು ಹೋದರು. ನಾನು ಅದನ್ನು ಮಡಚುವಾಗ ಮತ್ತೊಮ್ಮೆ ನೋಡಿದೆ. ಅಷ್ಟು ಗಂಡಸರು ತಮ್ಮ ತಮ್ಮ ಹೆಸರಿನ ಪೆಟ್ಟಿಗೆಗಳಲ್ಲಿ ಆರಾಮಾಗಿ ಕೂತಿದ್ದರು. ಆ ಒಬ್ಬಳು ಎಲ್ಲರ ಮಗ್ಗುಲಲ್ಲೂ ನಿಂತಿದ್ದಳು. ಇಷ್ಟು ಜನಕ್ಕೆ ರೊಟ್ಟಿ ಬಡಿದವಳು ಒಬ್ಬಳೇ ಎಂದು ಯಂತ್ರ ಅಂದುಕೊಂಡದ್ದರಲ್ಲಿ ಏನು ತಪ್ಪು ಅನ್ನಿಸಿತು. ಆದರೆ ಅವಳೊಳಗೆ ಎಲ್ಲೋ ನನ್ನ ಅವ್ವನೂ ಇದ್ದಳು. ಖಾಲಿಯಾಗಿದ್ದರೂ ಅವಳಿಗೆಂದೇ ಒಂದು ಪೆಟ್ಟಿಗೆ ಇತ್ತು. ಅದನ್ನೂ ನನ್ನ ಬೆರಳೇ ಅಳಿಸಿತ್ತು.

ನಿಮ್ಮಪ್ಪ ನನ್ನ ಮುಖ ನೋಡಿ ಮರುಗಿ, "ಅಳಬ್ಯಾಡವಾ. ಮತ್ತ ಹೊಸದಾಗಿ ಮಾಡೋಣು, ಈ ಸಲ ಕೆಳಗಿನಿಂದ" ಎಂದು ಕೂತ. ಸುವರ್ಣಾ ಎಂದು ಹೊಡೆದ, ಶಿವು ಎಂದು ಹೊಡೆದ, ತನ್ನದು ಹೊಡೆದ. ಪಕ್ಕದಲ್ಲಿ ಖಾಲಿ ಪೆಟ್ಟಿಗೆ ಮೂಡಿತು. ಅವನ ಬೆರಳು ನಿಂತಿತು. "ಈಕೀದು ತವರಮನೀ ಹೆಸರ ಏನಿತ್ತವಾ? ನನಗ ನೆಪ್ಪ ಹಾರೇದ."

ನನಗೂ ಗೊತ್ತಿರಲಿಲ್ಲ. ಮಗನಿಗೆ ಕನ್ಯೆ ಸಿಕ್ಕರೆ ಆಕೆಗೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ಘತ್ತರಗಿಯ ದೇವಿಗೆ ಹರಕೆ ಹೊತ್ತವಳು ನಾನು. ಭಾಗ್ಯವಂತಿ ಎಂದು ಅಕ್ಕಿಯಲ್ಲಿ ದುಂಡಗೆ ಬರೆದವಳೂ ನಾನೇ. ಹರಕೆಗೆ ನನ್ನ ಕೈಯಿಂದ ಏನೂ ಹೋಗಲಿಲ್ಲ, ಹೋದದ್ದು ಅವಳ ಹೆಸರು. ಅದು ಏನಿತ್ತು ಎಂದು ಆ ದಿನವಾದರೂ ಕೇಳಿಕೊಂಡಿದ್ದೆನೋ ಇಲ್ಲವೋ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಅನ್‌ನೋನ್ ಅಂತ ಹಾಕ್ರಿ, ನಡೀತದ" ಎಂದು ನಿಮ್ಮ ಅವ್ವನ ದನಿ ಬಂತು.

ನಾನು ನೋಟುಬುಕ್ಕು ಹಿಡಿದು ಒಳಗೆ ಹೋದೆ. ಜೇವರ್ಗಿಯಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಬೇಕಿತ್ತು, ಆದರೆ ಅಲ್ಲಿಗಿಂತ ಇಲ್ಲಿ ಕಷ್ಟವಾಯಿತು.

"ನಿನ್ನ ಹೆಸರ ಹೇಳವಾ."

"ಈಗ್ಯಾಕ ಬಿಡ್ರಿ ಅತ್ತ್ಯಾರ."

"ಹೇಳಬೇ."

ತಲೆಯೆತ್ತದೆ, ಹಿಟ್ಟು ತಟ್ಟುತ್ತಲೇ ಹೇಳಿದಳು. "ಇಂದುಮತಿ. ನಮ್ಮ ಸಾಲಿ ಮಾಸ್ತರು ಇಟ್ಟಿದ್ದರಿ." ಆಮೇಲೆ ಮೊದಲನೆಯ ಬಿಸಿ ರೊಟ್ಟಿಯನ್ನು ತೆಗೆದು ನನ್ನ ತಾಟಿಗೆ ಹಾಕಿದಳು. ಆ ರೊಟ್ಟಿ ತಿನ್ನಲು ನನಗೆ ಬಹಳ ಹೊತ್ತು ಹಿಡಿಯಿತು.

ಆ ಕಂಪ್ಯೂಟರ್ ಈಗ ಅಟ್ಟದ ಮೇಲಿದೆ, ನನ್ನ ಕುಲಾವಿ ಹಾಕಿಕೊಂಡೇ ಕೂತಿದೆ. ಮರವನ್ನು ಮತ್ತೆ ಯಾರೂ ಕಟ್ಟಲಿಲ್ಲ. ಅದಕ್ಕೇ ಕಾಗದದ ಮೇಲೆ ಬರೆದಿಟ್ಟಿದ್ದೇನೆ, ಕಾಗದ ನನ್ನನ್ನು ಏನೂ ಕೇಳುವುದಿಲ್ಲ. ನಿಮ್ಮ ಅವ್ವನ ಹೆಸರು ಇಂದುಮತಿ. ನೀವು ಆಯಿ ಎಂದು ಕರೆಯುವ, ಈ ಮನೆಯಲ್ಲಿ ಮಹಾದೇವಿಯಾದ ನನ್ನ ಹೆಸರು ನೀಲಮ್ಮ. ನನ್ನ ಅವ್ವನಿಗೆ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ, ಅದರಲ್ಲಿ ಏನನ್ನೂ ತುಂಬಬೇಡಿ. ಈ ಹಾಳೆಗಳನ್ನು ಇಲಿ ಕಡಿಯದ ಕಡೆ, ಕೈಗೆ ಸಿಗುವ ಹಾಗೆ ಜೋಪಾನ ಮಾಡಿ. ಶಿವುನ ಮದುವೆಯಲ್ಲಿ ಅಕ್ಕಿಯ ತಟ್ಟೆ ಹೊರಗೆ ಬಂದರೆ ಮೊದಲು ಇವನ್ನು ತೆಗೆದು ನನ್ನ ಮುಂದೆ ಹಿಡಿಯಿರಿ. ಆಯಿಯ ಅಕ್ಷರ ದುಂಡಗಿದೆ ಎಂದು ಯಾರಾದರೂ ಉಂಗುರ ಕೊಟ್ಟರೆ, ನಾನು ಹೌದ್ರಿ ಅಂದುಬಿಡುವವಳೇ.