ಮುಂದಿನ ಖರೇ ಪುಸ್ತಕ ಯಾವುದು?

ಕಥೆ ಕಾದಂಬರಿ ಓದುವವರಿಗೆ ಒಂದು ನೆಮ್ಮದಿ ಇದೆ. ಕೊಲೆಗಾರನ ಕಥೆ ಓದಿದವನನ್ನು ಯಾರೂ ಕೊಲೆಗಾರ ಎಂದು ಅನುಮಾನಿಸುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಪುಸ್ತಕ ಮನೆಗೆ ತಂದು ನೋಡಿ, ಮರುದಿನದ ಚಹಾದಲ್ಲಿ ಸಕ್ಕರೆ ಇರುವುದಿಲ್ಲ. ಹೋದ ವರ್ಷ ನಾನು ಸಿಟ್ಟನ್ನು ಹತೋಟಿಯಲ್ಲಿಡುವ ಬಗ್ಗೆ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಹೊರಬಂದಾಗ ಹೆಂಡತಿ ಅದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. "ಇದನ್ನ ಯಾರ ಸಲುವಾಗಿ ತಂದೀರಿ?" ಎಂದಳು. ನನ್ನ ಸಲುವಾಗಿಯೇ ಎಂದೆ. "ನಿಮಗೆಲ್ಲಿ ಸಿಟ್ಟ ಬರತೈತಿ? ಖರೇ ಹೇಳ್ರಿ," ಎಂದಳು. ಆ ಪುಸ್ತಕದ ಅಗತ್ಯ ಮನೆಯಲ್ಲಿ ಅತಿ ಹೆಚ್ಚಾಗಿದ್ದ ಆ ಗಳಿಗೆಯಲ್ಲೇ ಅದನ್ನು ಅಟ್ಟಕ್ಕೆ ಸೇರಿಸಬೇಕಾಯಿತು.

ಇಷ್ಟು ಪಾಠ ಕಲಿತವನು ಸುಮ್ಮನಿರಬೇಕಿತ್ತು. ಆದರೆ ನಮ್ಮದೊಂದು ಬಸ್ಸಿನ ಬಳಗವಿದೆ. ನಾನು ಖಾನಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ದಿನವೂ ಬೆಳಗಾವಿಯಿಂದ ಬೆಳಗಿನ ಬಸ್ಸಿನಲ್ಲಿ ಹೋಗುತ್ತೇನೆ. ಜೊತೆಗೆ ಬೀಡಿ ಎಂಬ ಊರಿನ ಶಾಲೆಯಲ್ಲಿ ಗಣಿತ ಕಲಿಸುವ ಈರಣ್ಣ ಮಾಸ್ತರರು, ನರ್ಸ್ ಸುಮಿತ್ರಕ್ಕ, ಖಾನಾಪುರದಲ್ಲಿ ಬಸ್ಸು ಬದಲಿಸಿ ಕಣಕುಂಬಿಯ ಶಾಲೆಗೆ ಪಾಠ ಮಾಡಲು ಹೋಗುವ ಪರಶುರಾಮ. ಪರಶುರಾಮನ ಮನೆಮಾತು ಮರಾಠಿ, ಓದುವ ಹುಚ್ಚು ಕನ್ನಡದ್ದು. "ಕಥಿ ಬ್ಯಾಡ್ರಿ, ಖರೇ ಇದ್ದದ್ದ ಓದೂಣು," ಎಂದು ನಿಯಮ ಮಾಡಿದವನು ಅವನೇ. ತಿಂಗಳಿಗೊಂದು ಖರೇ ಪುಸ್ತಕ, ಅದೂ ಒಂದೇ ಪ್ರತಿ. ಸರದಿಯ ಮೇಲೆ ಒಬ್ಬರು ಆರಿಸಬೇಕು, ವಾರಕ್ಕೊಬ್ಬರು ಓದಬೇಕು, ಆರಿಸಿದವರು ಕೊನೆಗೆ. ಓದುವಾಗ ತನಗೆ ನಾಟಿದ ಸಾಲಿನ ಪಕ್ಕ ಪೆನ್ಸಿಲಿನಿಂದ ಗೆರೆ ಎಳೆದು ತನ್ನ ಹೆಸರಿನ ಮೊದಲಕ್ಷರ ಬರೆಯಬೇಕು. ಇನ್ನೊಬ್ಬರಿಗೆ ನಾಟಲಿ ಎಂದು ಎಳೆಯುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಪುಸ್ತಕ ಪರಶುರಾಮನ ಶಾಲೆಗೆ ಹೋಗುತ್ತದೆ.

ಹೋದ ತಿಂಗಳ ಸರದಿ ನನ್ನದಾಗಿತ್ತು. ಮಿತವಾಗಿ ಮಾತನಾಡುವುದರ ಬಗ್ಗೆ ಬರೆದ ಪುಸ್ತಕವೊಂದನ್ನು ಆರಿಸಿದೆ. ಯಾಕೆ ಎಂದು ಕೇಳಿದರೆ ಓದುಗರಾದ ನಿಮ್ಮ ಮುಂದೆ ಮುಚ್ಚಿಡುವುದಿಲ್ಲ: ಈರಣ್ಣ ಮಾಸ್ತರರ ಸಲುವಾಗಿ. ಬಂಗಾರದಂಥ ಮನುಷ್ಯ, ಆದರೆ ನಡುವೆ ಬಾಯಿ ಹಾಕುವ ಚಟ. ಒಮ್ಮೆ ನಮ್ಮ ಮನೆಯ ನಲ್ಲಿ ಕೆಟ್ಟ ಕಥೆ ಹೇಳುತ್ತಿದ್ದೆ. ಮೊದಲು ಆ ನಲ್ಲಿ ಹಾಕಿಸಿದ ಸಂದರ್ಭ, ಆಮೇಲೆ ಹಾಕಿದವನ ಸ್ವಭಾವ, ಅವನ ತಮ್ಮನ ಮದುವೆ, ಹೀಗೆ ಒಂದು ಕ್ರಮದಲ್ಲಿ ಹೊರಟಿದ್ದೆ. ಬಸ್ಸು ಇನ್ನೂ ದೇಸೂರು ದಾಟಿತ್ತಷ್ಟೆ. ಮಾಸ್ತರರು, "ಕಡೀಕ ನೀರು ಬಂತೋ ಇಲ್ಲೋ, ಅಷ್ಟ ಹೇಳ್ರಿ ರುದ್ರಪ್ಪಾರ," ಎಂದುಬಿಟ್ಟರು. ಇಂಥ ಮನುಷ್ಯನಿಗೆ ಎದುರಿಗೇ ಹೇಳುವುದು ಹೇಗೆ? ಪುಸ್ತಕವೇ ಹೇಳಲಿ ಎಂದುಕೊಂಡೆ.

ಪುಸ್ತಕ ಹೇಳಿತು. ಮೊದಲ ವಾರ ಓದಿದವರೇ ಮಾಸ್ತರರು. ಎರಡನೆಯ ವಾರದ ಸೋಮವಾರ ನಾನು ಬಸ್ ನಿಲ್ದಾಣಕ್ಕೆ ಬಂದಾಗ ಕಿಟಕಿಯ ಸೀಟಿನ ಮೇಲೆ ಕರವಸ್ತ್ರ ಇರಲಿಲ್ಲ. ಇದು ನಿಮಗೆ ಸಣ್ಣ ಸಂಗತಿ ಅನ್ನಿಸಬಹುದು. ಹನ್ನೊಂದು ವರ್ಷದಿಂದ ಮಾಸ್ತರರು ನನಗಿಂತ ಮೊದಲೇ ಬಂದು, ಬಸ್ಸು ನಿಲ್ಲುವ ಮುಂಚೆ ಕಿಟಕಿಯಿಂದ ತಮ್ಮ ನೀಲಿ ಚೌಕಳಿಯ ಕರವಸ್ತ್ರ ಹಾಕಿ ನನ್ನ ಜಾಗ ಹಿಡಿಯುತ್ತಿದ್ದರು. ನನ್ನ ಕಾಲು ಮುರಿದಿದ್ದ ತಿಂಗಳಲ್ಲಿ ಕರವಸ್ತ್ರದ ಜೊತೆ ನನ್ನನ್ನೂ ಹಿಡಿದು ಹತ್ತಿಸಿದ್ದರು. ಈಗ ಅವರು ಡ್ರೈವರನ ಹಿಂದಿನ ಸೀಟಿನಲ್ಲಿ, ಬೇರೆ ಯಾರದೋ ಪಕ್ಕದಲ್ಲಿ, ಬೆನ್ನು ತೋರಿಸಿ ಕೂತಿದ್ದರು. ಸುಮಿತ್ರಕ್ಕ, ಪರಶುರಾಮ ಇಬ್ಬರೂ ಕಿಟಕಿಯ ಹೊರಗೆ ನೋಡತೊಡಗಿದರು. ಮೂರು ವಾರ ನಾನೊಬ್ಬನೇ ಮಾತಾಡಿ ಮಾತಾಡಿ ಬಳಗದ ಸಂಭಾಷಣೆಯನ್ನು ಹೇಗೋ ಉಳಿಸಿಕೊಂಡು ಬಂದೆ. ಕೊನೆಯ ವಾರ ಪುಸ್ತಕ ನನ್ನ ಕೈಗೆ ಬಂದಾಗ ಪುಟ ಪುಟವನ್ನೂ ತಿರುವಿ ನೋಡಿದೆ. ಇಡೀ ಪುಸ್ತಕದಲ್ಲಿ ಒಂದು ಗೆರೆಯೂ ಇರಲಿಲ್ಲ. ಮಾಸ್ತರರು ನೊಂದಿದ್ದಾರೆ, ಉಳಿದವರು ಅವರ ಪಕ್ಷ ವಹಿಸಿದ್ದಾರೆ ಎಂಬುದು ಸ್ಪಷ್ಟವಾಯಿತು. ನಾನೂ ಗೆರೆ ಎಳೆಯಲಿಲ್ಲ. ನನಗೆ ಸಂಬಂಧಪಟ್ಟ ಸಾಲು ಅದರಲ್ಲಿ ಇರಲೇ ಇಲ್ಲ.

ಶನಿವಾರ ಖಾನಾಪುರದಲ್ಲಿ ಇಳಿಯುವಾಗ ಮಾಸ್ತರರು ಒಂದೇ ಮಾತು ಹೇಳಿದರು. "ಈ ಸಲ ಸರದಿ ನಂದು. ಆದ್ರ ನೀವ ಆರಿಸ್ರಿ. ನೀವೇನು ಆರಸತೀರಿ ನೋಡೂಣು." ನೋಡೂಣು ಎಂದ ರೀತಿ ನನಗೆ ಎಚ್ಚರಿಕೆಯಂತೆ ಕೇಳಿಸಿತು. ಸೋಮವಾರದೊಳಗೆ ಯಾರಿಗೂ ಚುಚ್ಚದ ಒಂದು ಖರೇ ಪುಸ್ತಕ ಹುಡುಕಬೇಕು. ಈ ಸಲವೂ ತಪ್ಪಿದರೆ ಆ ಕರವಸ್ತ್ರ ಮತ್ತೆಂದೂ ನನ್ನ ಸೀಟಿಗೆ ಬೀಳುವುದಿಲ್ಲ.

ಭಾನುವಾರ ಖಡೇಬಜಾರಿನ ಪುಸ್ತಕದಂಗಡಿಯಲ್ಲಿ ಎರಡು ತಾಸು ನಿಂತೆ. ನಿದ್ದೆಯ ಬಗ್ಗೆ ಒಳ್ಳೆಯದೊಂದಿತ್ತು, ಆದರೆ ಪರಶುರಾಮ ದಿನವೂ ನನ್ನ ಹೆಗಲ ಮೇಲೆ ನಿದ್ದೆ ಹೋಗುತ್ತಾನೆ. ಉಪ್ಪಿನ ಚರಿತ್ರೆಯಿತ್ತು, ಸುಮಿತ್ರಕ್ಕನಿಗೆ ರಕ್ತದೊತ್ತಡ. ನೆನಪಿನ ಶಕ್ತಿಯ ಪುಸ್ತಕ ಮುಟ್ಟಿ ಕೈ ಹಿಂದೆಗೆದೆ, ಮಾಸ್ತರರು ಬಸ್ಸಿನಲ್ಲಿ ಬಿಟ್ಟ ಛತ್ರಿಗಳಿಗೆ ಲೆಕ್ಕವಿಲ್ಲ. ಹೆಂಡತಿಗೆ ಫೋನ್ ಮಾಡಿ ಜೇನುಹುಳದ್ದು ಆಗಬಹುದೇ ಎಂದು ಕೇಳಿದೆ. "ಅದರಾಗ ಗಂಡಹುಳ ಏನೂ ಕೆಲಸಾ ಮಾಡೂದಿಲ್ಲಂತ. ತರ್ರಿ, ಮೊದಲ ನಾ ಓದತೀನಿ," ಎಂದಳು. ಕೊನೆಗೆ ಕಲ್ಲುಬಂಡೆಗಳ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಕಲ್ಲಿನಿಂದ ಯಾರಿಗೆ ಬೇಜಾರು? ಗೆದ್ದವನಂತೆ ಮನೆಗೆ ಬಂದೆ. ಸೋಮವಾರ ಬೆಳಿಗ್ಗೆ ಹಳೆಯ ಪುಸ್ತಕವನ್ನೂ ಹೊಸದನ್ನೂ ಚೀಲಕ್ಕೆ ಹಾಕಿಕೊಂಡು ಆಟೋದಲ್ಲಿ ಕೂತಾಗ ತಟ್ಟನೆ ಹೊಳೆಯಿತು: ಕಲ್ಲು ಮಾತಾಡುವುದಿಲ್ಲ. ಹೋದ ತಿಂಗಳು ಕಡಿಮೆ ಮಾತಾಡಿ ಎಂದವನು, ಈ ತಿಂಗಳು ಕಲ್ಲಿನಂತೆ ಕೂತುಬಿಡಿ ಎನ್ನುತ್ತಿದ್ದಾನೆ ಎಂದು ಮಾಸ್ತರರು ತಿಳಿಯದೆ ಇರುತ್ತಾರೆಯೇ? ಆಟೋ ತಿರುಗಿಸು ಎನ್ನೋಣವೆಂದರೆ ನಿಲ್ದಾಣ ಬಂದೇಬಿಟ್ಟಿತ್ತು.

ಕರವಸ್ತ್ರ ಇರಲಿಲ್ಲ. ನನಗೆ ಅಳುವೇ ಬರುವಂತಾಯಿತು. ಇನ್ನು ತಡೆಯಲಾರೆ ಎನ್ನಿಸಿ ನೇರ ಮುಂದಿನ ಸೀಟಿಗೆ ಹೋಗಿ ಮಾಸ್ತರರ ಪಕ್ಕ ಕೂತೆ. "ಮಾಸ್ತರ್ರ, ತಪ್ಪಾತ್ರಿ. ಆ ಪುಸ್ತಕ ನಾ ನಿಮ್ಮ ಸಲುವಾಗೇ ಆರಿಸಿದ್ದೆ. ನಿಮ್ಮ ಮನಸಿಗಿ ಹತ್ತತೈತಿ ಅಂತ ಗೊತ್ತಿರಲಿಲ್ಲ," ಎಂದೆ.

ಮಾಸ್ತರರು ನನ್ನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನನ್ನ ಸಲುವಾಗಿ?" ಎಂದು ಹಿಂದೆ ತಿರುಗಿದರು. "ಅಕ್ಕಾರ, ಕೇಳಿದ್ರೇನು? ಅದು ನನ್ನ ಸಲುವಾಗಿ ಆರಿಸಿದ್ದಂತ!" ಪರಶುರಾಮ "ಅರೇ ದೇವಾ!" ಎಂದು ಹಣೆ ಹಿಡಿದುಕೊಂಡ.

"ರುದ್ರಪ್ಪಾರ," ಎಂದರು ಮಾಸ್ತರರು, ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆ ಹೇಳುವ ದನಿಯಲ್ಲಿ. "ನೀವ ಅದನ್ನ ನಿಮ್ಮ ಸಲುವಾಗಿ ತಂದೀರಿ ಅಂತ ತಿಳಕೊಂಡಿದ್ವಿ ನಾವು. ಈ ವಯಸ್ಸಿನಾಗ ಸುಧಾರಿಸಾಕ ಹೊಂಟಾರಲ್ಲ ಅಂತ ನಿಮ್ಮ ಮ್ಯಾಲ ಭಾಳ ಅಭಿಮಾನ ಬಂದಿತ್ತು. ಬಾಜೂಕ ನಾ ಕುಂತ್ರ ನಿಮಗ ಸುಮ್ನಿರಾಕ ಆಗೂದಿಲ್ಲ ಅಂತ ಇಲ್ಲಿ ಬಂದು ಕುಂತೆ."

"ಗೆರಿ ಎಳಿಯೂ ಜಾಗಾನೂ ಪೂರಾ ನಿಮಗ ಬಿಟ್ಟಿದ್ವಿರಿ," ಎಂದರು ಸುಮಿತ್ರಕ್ಕ, ಬಹಳ ಮೃದುವಾಗಿ.

ಕಲ್ಲಿನ ಪುಸ್ತಕ ಹೊರತೆಗೆದು ತೋರಿಸಿದೆ. ಮಾಸ್ತರರು ಅದನ್ನು ತಿರುವಿ ಹಾಕಿ, ಚೆನ್ನಾಗಿದೆ ಎಂದು ಮತ್ತೆ ನನ್ನ ಚೀಲಕ್ಕೇ ಸೇರಿಸಿದರು. "ಇದು ಮುಂದಿನ ತಿಂಗಳಿಗಿ ಇರಲಿ. ಈ ತಿಂಗಳೂ ಹಳೇ ಪುಸ್ತಕನ ಓದೂಣು. ಈ ಸಲ ಮೊದಲ ನೀವ ಓದ್ರಿ," ಎಂದು ತಮ್ಮ ಜೇಬಿನ ಪೆನ್ಸಿಲು ನನ್ನ ಕೈಗೆ ಕೊಟ್ಟರು. ಆಮೇಲೆ, "ನಾಳಿಂದ ಕರವಸ್ತ್ರ ಹಾಕತೀನಿ, ಹಿಂದ ಕುಂದರೂಣು," ಎಂದರು.

ಪುಸ್ತಕ ತೆರೆದೆ. ಮೊದಲ ಸಾಲಿನ ಪಕ್ಕ ಪೆನ್ಸಿಲಿಟ್ಟೆ. ಆ ಸಾಲು ನನಗೆ ಯಾಕೆ ಸಂಬಂಧಪಡುವುದಿಲ್ಲ ಎಂಬುದನ್ನು ಮಾಸ್ತರರಿಗೆ ಸ್ವಲ್ಪ ಹಿನ್ನೆಲೆಯ ಸಮೇತ ವಿವರಿಸಿ ಮುಗಿಸುವಷ್ಟರಲ್ಲಿ ಖಾನಾಪುರ ಬಂದಿತ್ತು.