ಒಡಪು ಹೇಳಿದ್ರೂ ಓಟಿಪಿ ಇಲ್ಲ

ಮೊದಲಿನ ಕಳ್ಳರು ಭಾಳ ಕಷ್ಟಪಡ್ತಿದ್ರು. ಗ್ವಾಡಿ ಹಾರಬೇಕು, ನಾಯಿ ಕಡೆ ಕಡಿಸ್ಕೋಬೇಕು. ಈಗ ಹಂಗಿಲ್ಲ. ನಮ್ಮ ಇಳಕಲ್ಲ ಓಣ್ಯಾಗ ವಾರಕ್ಕೊಬ್ಬರ ಫೋನಿಗೆ ಕಳ್ಳ ತಾನ ಗಂಟಿ ಬಾರಿಸಿ ಬರ್ತಾನ, ನಮ್ಮ ಮಂದಿ "ಹೇಳ್ರಿ ಸಾಹೇಬ್ರ" ಅಂತ ಮರ್ಯಾದಿ ಕೊಟ್ಟು ಮಾತಾಡಸ್ತಾರ.

ನಾ ಒಂಬತ್ತನೇತ್ತಾ ಎರಡು ಸಲ ಓದಿ ಸಾಲಿ ಬಿಟ್ಟಾಂವ. ಈಗ ಝೆರಾಕ್ಸ್ ಅಂಗಡ್ಯಾಗ ಕೆಲಸ. ಚೇಷ್ಟಿ ನನ್ನ ಹುಟ್ಟುಗುಣ. ಆದ್ರ ಈ ವರ್ಷ ಒಂದು ಹಟ ಹಿಡದೇನಿ: ನಮ್ಮ ಆಯಿ ಖಾತೆದಾಗಿಂದ ಒಂದು ರೂಪಾಯಿನೂ ಕಳ್ಳರ ಪಾಲಾಗಬಾರದು. ಆಯಿ ಅಂದ್ರ ನಮ್ಮಜ್ಜಿ. ಮಗ್ಗದಾಗ ಸೀರಿ ನೇಯ್ದು ಕೂಡಿಸಿದ ರೊಕ್ಕ ಅದು, ನಮ್ಮಕ್ಕನ ನರ್ಸಿಂಗ್ ಫೀಗಂತ ಇಟ್ಟದ್ದು. ಅದು ಹೋದ್ರ ಅಕ್ಕನ ಕಾಲೇಜೂ ಹೋದಂಗ.

೧. ಬಜಿ ಕಟ್ಟಿದ ಕಾಗದ

ನಮ್ಮ ಅಂಗಡ್ಯಾಗ ಕೆಟ್ಟ ಝೆರಾಕ್ಸ್ ಎಲ್ಲಾ ಒಂದು ಚೀಲಕ್ಕ ಬೀಳ್ತಿದ್ವು. ಆ ಚೀಲ ಸಂಜಿಕೆ ಎದುರಿನ ಬಜಿ ಗಾಡಿಗೆ ಹೋಗ್ತಿತ್ತು. ಬದಲಿಗೆ ನಮ್ಮ ಮಾಲಕರಿಗೆ ನಾಕು ಮೆಣಸಿನಕಾಯಿ ಬಜಿ.

ಒಂದಿನ ನಾ ಬಜಿ ತಿಂದು ಕಾಗದ ಬಿಡಿಸಿ ನೋಡ್ತೇನಿ, ನಮ್ಮ ಗಣಿತದ ಮಾಸ್ತರ ಮಾರಿ! ಆಧಾರ್ ಕಾರ್ಡಿನ ಝೆರಾಕ್ಸು. ಹಣಿ ಮ್ಯಾಲೆ ಎಣ್ಣಿ. ಮಾಸ್ತರೂ ಅದ ಗಾಡಿ ಮುಂದ ನಿಂತು ಬಜಿ ತಿನ್ನಾಕತ್ತಿದ್ರು. ನಾ ಮೆಲ್ಲಕ ಹೋಗಿ ಅವರ ಕಿವ್ಯಾಗ ನಂಬರ್ ಓದಿದೆ.

"ಲೇ, ಇದು ನಿನಗ ಹೆಂಗ ಗೊತ್ತಲೇ?"

"ಸರ, ನೂರರ ತನಕ ಎಣಿಸಾಕ ಬರಂಗಿಲ್ಲಂತ ನನ್ನ ಬೆಂಚ್ ಮ್ಯಾಲೆ ನಿಂದರಸಿದ್ರಿ. ನೋಡ್ರಿ, ಹನ್ನೆರಡೂ ಅಂಕಿ ತಪ್ಪಿಲ್ಲದ ಓದೇನಿ."

ಮಾಸ್ತರ ಕಾಗದ ಕಸಗೊಂಡು, ಎಲ್ಲಿ ಒಗೀಬೇಕು ತಿಳೀಲಾರದ ಬಜಿ ಜೋಡಿ ಬಾಯಾಗ ತುರುಕ್ಕೊಂಡ್ರು.

ಅವತ್ತಿಂದ ಕೆಟ್ಟ ಝೆರಾಕ್ಸ್ ನಾ ಚೂರಚೂರ ಹರದ ಒಗೀತೇನಿ. ಬಜಿಯಾಂವ ನನ್ನ ಕಂಡ್ರ ಉರೀತಾನ: "ನಿನ್ನ ಚೂರಿನ್ಯಾಗ ಏನ್ ಕಟ್ಲಿ? ಸಾಸವಿ ಕಾಳು ಕಟ್ಲೇನು?"

೨. ಮಂಗ್ಯಾನ ಕೈಯಾಗ ಮಾಮಾನ ಪಾಕೀಟು

ನಮ್ಮ ಸ್ವಾದರಮಾವ ಬಾದಾಮ್ಯಾಗ ಗುಹೆ ಹತ್ರ ತಂಪು ಪಾನೀಯ ಮಾರ್ತಾನ. ಎಟಿಎಂ ಕಾರ್ಡಿನ ಬೆನ್ನಿಗೆ ಚೀಟಿ ಅಂಟಿಸಿ ಪಿನ್ ನಂಬರ್ ಬರಕೊಂಡಿದ್ದ. "ಅಳಿಸು ಮಾಮಾ" ಅಂದ್ರ, "ನನ್ನ ಪಾಕೀಟಿಗೆ ಯಾರ ಕೈ ಹಾಕ್ತಾರಲೇ?" ಅಂತಿದ್ದ.

ಮಂಗ್ಯಾ ಹಾಕಿತು.

ಪಾಕೀಟು ಕಸಗೊಂಡು ಬಂಡೆಗಲ್ಲಿನ ಮ್ಯಾಲೆ ಹತ್ತಿ ಕುಂತು, ಒಂದೊಂದ ತಗದು ಮೂಸಿ ಕೆಳಗ ಒಗೀತು. ಕಾರ್ಡು ಕೆಳಗ ನಿಂತಿದ್ದ ಪ್ರವಾಸಿ ಒಬ್ಬಾಕಿ ಮುಂದ ಬಿತ್ತು. ಪಾಪ, ಪ್ರಾಮಾಣಿಕ ಹೆಣ್ಮಗಳು. ಕಾರ್ಡ್ ಮ್ಯಾಲೆತ್ತಿ ಹಿಡದು ಅಷ್ಟೂ ಮಂದಿಗೆ ಕೇಳೂವಂಗ ಒದರಿದ್ಲು: "ಇದು ಯಾರದ್ರೀ? ಗುರುತಿಗೆ ಹಿಂದ ನಾಕು ನಂಬರ್ ಬರದಾರ, ಓದ್ಲೇನ್ರೀ?"

"ಓದಬ್ಯಾಡ್ರೀ!" ಅಂತ ಮಾಮಾ ಓಡೂದ್ರಾಗ ಆಕಿ ಎರಡು ಸಲ ಓದಿದ್ಲು.

ಅವತ್ತ ನಾ ಹಟ ಹಿಡದು ಮಾಮಾನ ಕರಕೊಂಡು ಹೋಗಿ ಪಿನ್ ಬದಲಿ ಮಾಡಿಸಿದೆ. ವಾರ ಬಿಟ್ಟು ಕೇಳಿದೆ, "ಹೊಸಾದು ಎಲ್ಲೂ ಬರದಿಲ್ಲಲ್ಲ ಮಾಮಾ?"

"ಎಲ್ಲೂ ಬರದಿಲ್ಲಪಾ."

"ಶಾಣ್ಯಾ! ನೆನಪೈತಿ?"

"ಅದೂ ಇಲ್ಲ."

ಈಗ ಮಾಮಾನ ರೊಕ್ಕ ಭಾಳ ಭದ್ರ ಐತಿ. ಮಂಗ್ಯಾಗೂ ಸಿಗಂಗಿಲ್ಲ, ಮಾಮಾಗೂ ಸಿಗಂಗಿಲ್ಲ.

೩. ಬ್ಯಾಂಕಿನ ಸಾಹೇಬ ನಾನ

ನಮ್ಮ ಆಯಿ ಎಷ್ಟು ಗಟ್ಟಿ ಅದಾಳ ನೋಡೂಣಂತ ಗೆಳೆಯನ ಫೋನಿಂದ ಸಾಹೇಬನ ದನಿ ತಗದು ಫೋನ್ ಮಾಡಿದೆ. ಆಯಿ ಎಲ್ಲಾ ಹೇಳಿಬಿಟ್ಲು. ಖಾತೆ ನಂಬರ್, ಕಾರ್ಡಿನ ನಂಬರ್, ಅಕ್ಕನ ಫೀ ಎಷ್ಟಂತನೂ. ಇನ್ನೊಂದ ಪ್ರಶ್ನೆ ಕೇಳಿದೆ: "ನಿಮ್ಮ ಗಂಡನ ಹೆಸರು?"

"ಗಂಡನ ಹೆಸರ ಹಂಗ ಹೆಂಗ ಹೇಳಲ್ರಿ ಸಾಹೇಬ್ರ? ಒಡಪು ಹಾಕಿ ಹೇಳ್ಲೇನ್ರಿ?"

ನಮ್ಮ ಕಡೆ ಹಳೇ ಹೆಣ್ಮಕ್ಕಳು ಗಂಡನ ಹೆಸರು ಸೀದಾ ಹೇಳಂಗಿಲ್ಲ. ಪ್ರಾಸ ಕಟ್ಟಿ, ನಡುವ ಹೆಸರು ಸಿಗಿಸಿ ಹೇಳ್ತಾರ. ಅದಕ್ಕ ಒಡಪು ಅಂತಾರ. ಆಯಿ ಫೋನಿನ್ಯಾಗ ರಾಗಾ ತಗದ್ಲು:

"ಇಳಕಲ್ಲ ಸೀರಿಗೆ ಕೆಂಪನ್ನ ಸೆರಗ,
ಅಮೀನಗಡ ಕರದಂಟಿಗೆ ಬೆಲ್ಲದ ಮೆರಗ,
ಮಲ್ಲಪ್ಪನ ಗೊರಕಿಗೆ ಓಣಿಗೆಲ್ಲ ಕೊರಗ!"

ನನಗ ಬೆಳಕಾತು. ಮನಿಗೆ ಓಡಿ ಬಂದು ಕಾಯ್ದೆ ಮಾಡಿದೆ: "ಆಯಿ, ಇನ್ನ ಯಾರ ಫೋನ್ ಮಾಡಿದ್ರೂ ಮೊದಲ ಈ ಒಡಪು ಕೇಳು. ಓಟಿಪಿ ಅಂತೂ ಯಾರಿಗೂ ಹೇಳಬ್ಯಾಡ. ನಾ ಕೇಳಿದ್ರೂ ಹೇಳಬ್ಯಾಡ. ಕಾರ್ಡೂ ಫೋನೂ ಒಂದ ಚೀಲದಾಗ ಇಡಬ್ಯಾಡ."

ಮೂರ ದಿನಕ್ಕ ಖರೇ ಕಳ್ಳ ಬಂದ. "ಅಜ್ಜೀ, ನಿಮ್ಮ ಮೊಮ್ಮಗ ಪೊಲೀಸ್ ಠಾಣೆಯಲ್ಲಿದ್ದಾನೆ. ಬಿಡಿಸಬೇಕಾದರೆ ಈಗ ಬರುವ ನಂಬರ್ ಹೇಳಿ."

"ಒಡಪು ಹೇಳಪಾ."

"ಒಡಪು ಅಂದರೆ?"

"ಹಂಗಾರ ಇಡು ಫೋನು. ಅಂವ ಠಾಣ್ಯಾಗಿದ್ರ ಅಲ್ಲೇ ಇರ್ಲಿ ಎರಡು ದಿನ. ಮನಿ ತಣ್ಣಗಿರ್ತೈತಿ."

೪. ಬಾಗಲಕೋಟಿ ಕೌಂಟರ್

ಅಕ್ಕನ ಫೀ ಕಟ್ಟಾಕ ಕಡೀ ದಿನ. ಸಂಜಿ ಐದಕ್ಕ ಕೌಂಟರ್ ಬಂದ್. ನಾನೂ ಅಕ್ಕನೂ ಆಯಿ ಕಾರ್ಡ್ ತಗೊಂಡು ಬಾಗಲಕೋಟಿಗೆ ಹೋದ್ವಿ. ಫೋನು ಆಯಿ ಕಡೇನ ಇತ್ತು. ನನ್ನ ಕಾಯ್ದೇನ ಅಲ್ಲೇನು? ಕ್ಲರ್ಕ್ ನಂಬರ್ ಒತ್ತಿದ. ಓಟಿಪಿ ಇಳಕಲ್ಲಿಗೆ ಹೋತು.

ನನ್ನ ಫೋನಿನ ಚಾರ್ಜ್ ಮುಗದಿತ್ತು. ಅಕ್ಕನ ಕಡೆ ಫೋನ ಇಲ್ಲ. ಕ್ಲರ್ಕ್ ತನ್ನ ಫೋನಿಂದ ಹಚ್ಚಿ ಸ್ಪೀಕರ್ ಮ್ಯಾಲೆ ಇಟ್ಟ.

"ಆಯಿ, ನಾನ. ನಂಬರ್ ಬಂದೈತಲ್ಲ, ಲಗೂನ ಹೇಳು."

"ಒಡಪು ಹೇಳಪಾ."

ಹಿಂದ ತಿರುಗಿ ನೋಡಿದೆ. ಸಾಲಿನ್ಯಾಗ ಮೂವತ್ತು ಹುಡಿಗ್ಯಾರು. ಅಕ್ಕ ಗದರಿದ್ಲು, "ಹೇಳಲೇ!" ಕಣ್ಣು ಮುಚ್ಚಿ ಒಡಪು ಹೇಳಿದೆ, ಗೊರಕಿ ಸಮೇತ. ಹುಡಿಗ್ಯಾರು ಬಿದ್ದು ಬಿದ್ದು ನಕ್ಕರು.

ಆಯಿ ಅಂದ್ಲು, "ಒಡಪು ಖರೆ. ನೀ ನನ್ನ ಮೊಮ್ಮಗ ಖರೆ. ಆದ್ರ ನೀ ಕೇಳಿದ್ರೂ ಹೇಳಬ್ಯಾಡಂತ ನನ್ನ ಮೊಮ್ಮಗ ಹೇಳ್ಯಾನ." ಫೋನ್ ಇಟ್ಟುಬಿಟ್ಲು. ಮತ್ತ ಹಚ್ಚಿದ್ರ ಎತ್ತಲಿಲ್ಲ.

ಅಕ್ಕ ಅಳಾಕ ಹತ್ತಿದ್ಲು. ನಾ ಗಡಿಯಾರ ನೋಡ್ಕೋತ ಕುಂತೆ. ಮೂರಾತು, ನಾಕಾತು. ನಾಕೂವರಿಗೆ ನಮ್ಮ ಆಯಿ ಬಾಗಿಲದಾಗ! ಸೊಂಟದ ಚಂಚಿ ಚೀಲದಾಗ ಫೋನು, ಕೈಯಾಗ ಪೊಟ್ಟಣ. "ಬಸ್ಸು ಅಮೀನಗಡದಾಗ ನಿಂತಿತ್ತು, ಕರದಂಟು ತಗೊಂಡೆ."

ಕ್ಲರ್ಕ್ ಮತ್ತ ಒತ್ತಿದ. ಫೋನ್ ಗುಂಯ್ ಅಂತು. ಆಯಿ ಫೋನಿನ ಮ್ಯಾಲೆ ಸೆರಗ ಮುಚ್ಚಿ ಅಕ್ಕನ್ನ ಅಷ್ಟ ಒಳಗ ಕರದ್ಲು. ನನಗ ಅಂದ್ಲು, "ನೀ ಆ ಕಡೆ ಮಾರಿ ಮಾಡು."

ಫೀ ಕಟ್ಟಿ ಆತು. ಕ್ಲರ್ಕ್ ಪೆನ್ ಹಿಡದ. "ಅಜ್ಜೀ, ರಸೀದಿಗೆ ನಿಮ್ಮ ಗಂಡನ ಹೆಸರು ಹೇಳ್ರಿ."

ಆಯಿ ಬಾಯಿಗೆ ಸೆರಗ ಹಿಡದು ನನ್ನ ಕಡೆ ನೋಡಿದ್ಲು. ನಾ ಬಾಯಿ ತಗಿಯೂದ್ರಾಗ ಮುಂದೇನಂತ ನೋಡಾಕ ನಿಂತಿದ್ದ ಹುಡಿಗ್ಯಾರು ರಾಗಾ ತಗದ್ರು: "ಇಳಕಲ್ಲ ಸೀರಿಗೆ ಕೆಂಪನ್ನ ಸೆರಗ..."

ಪಾಸ್‌ವರ್ಡ್ ಜಿಲ್ಲಾಕ್ಕೆಲ್ಲ ಗೊತ್ತಾತು. ಆಯಿ ಅಂಜಲಿಲ್ಲ. ತಿರುಗಿ ಬರೂಮುಂದ ಬಸ್ಸಿನ್ಯಾಗ ಹುನಗುಂದ ಮುಟ್ಟೂದ್ರಾಗ ಹೊಸಾ ಒಡಪು ಕಟ್ಟಿದ್ಲು. ಭಾಳ ಛಲೋ ಐತಿ, ಅಜ್ಜನ ಗೊರಕಿಗಿಂತ ದೊಡ್ಡ ಗುಟ್ಟು ಅದರಾಗೈತಿ.

ಏನದು ಅಂತ ಕೇಳಬ್ಯಾಡ್ರಿ. ನೀವ್ಯಾರೋ ಏನೋ.